ಪಾರ್ಕಿನ್ಸನ್ ಇದ್ದವರಿಗೆ ಜೇನುತುಪ್ಪ, ಪ್ರೊಪೊಲಿಸ್, ರಾಯಲ್ ಜೆಲ್ಲಿ, ಜೇನಿನ ವಿಷ: ಯಾವುದು ಬೇಕು, ಯಾವುದು ಬೇಡ?

ಅಪ್ಪನಿಗೆ ಪಾರ್ಕಿನ್ಸನ್ ಎಂದು ಡಾಕ್ಟರ್ ಹೇಳಿದ ವಾರದಲ್ಲೇ ನಮ್ಮ ಅಡುಗೆಮನೆಯ ಕಪಾಟಿಗೆ ಮೂರು ಹೊಸ ಬಾಟಲಿಗಳು ಬಂದವು. ಒಂದು, ಊರಿನಿಂದ ಅತ್ತೆ ಕಳಿಸಿದ ತುಡುವೆ ಜೇನುತುಪ್ಪ. ಇನ್ನೊಂದು, ಪ್ರೊಪೊಲಿಸ್ ಹನಿ, ಅಂದರೆ ಜೇನುಗೂಡಿನ ಅಂಟಿನ ಸತ್ವ. ಮೂರನೆಯದು, ರಾಣಿ ಹುಳದ ಊಟವಾದ ರಾಯಲ್ ಜೆಲ್ಲಿಯ ಕ್ಯಾಪ್ಸೂಲ್. ಜೊತೆಗೆ ದೂರದ ನೆಂಟರೊಬ್ಬರ ಫೋನ್: 'ಜೇನುಹುಳದಿಂದ ಚುಚ್ಚಿಸಿ ನೋಡಿ, ನಡುಕ ನಿಂತೇ ಹೋಗುತ್ತದೆ.'

ಕೊಟ್ಟವರೆಲ್ಲರಿಗೂ ಅಪ್ಪನ ಮೇಲೆ ಪ್ರೀತಿ ಇತ್ತು. ಅದರಲ್ಲಿ ಅನುಮಾನವೇ ಇಲ್ಲ. ಆದರೆ ಯಾವುದನ್ನು ಕೊಡಬೇಕು, ಯಾವುದನ್ನು ಬಿಡಬೇಕು ಎಂದು ಹೇಳುವವರು ಯಾರೂ ಇರಲಿಲ್ಲ. ಆಮೇಲೆ ಇದೇ ಪ್ರಶ್ನೆಯನ್ನು ಬೇರೆ ಮನೆಗಳವರು ನನ್ನನ್ನು ಕೇಳತೊಡಗಿದರು. ಹಾಗಾಗಿ ಓದಿ ತಿಳಿದದ್ದನ್ನೂ ಮನೆಯಲ್ಲಿ ಕಲಿತದ್ದನ್ನೂ ಸೇರಿಸಿ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ, ಆರೈಕೆ ಮಾಡುವವರಲ್ಲಿ ಒಬ್ಬ. ಇಲ್ಲಿನ ಯಾವುದನ್ನು ಶುರುಮಾಡುವ ಮೊದಲೂ ನಿಮ್ಮ ನರರೋಗ ತಜ್ಞರಿಗೆ ಒಂದು ಮಾತು ಹೇಳಿ.

ಯಾವ ಅಳತೆಗೋಲು ಹಿಡಿಯುವುದು?

ಮೊದಲು ಕಾಯಿಲೆಯ ಬಗ್ಗೆ ಎರಡು ಮಾತು. ಮಿದುಳಿನ ಆಳದಲ್ಲಿ ಡೋಪಮಿನ್ ಎಂಬ ರಾಸಾಯನಿಕ ತಯಾರಿಸುವ ಜೀವಕೋಶಗಳಿವೆ. ಅವು ನಿಧಾನವಾಗಿ ಸಾಯುತ್ತಾ ಹೋಗುವುದೇ ಪಾರ್ಕಿನ್ಸನ್. ಕೈ ನಡುಗುತ್ತದೆ, ಮೈ ಬಿಗಿಯುತ್ತದೆ, ನಡಿಗೆ ನಿಧಾನವಾಗುತ್ತದೆ. 1817ರಲ್ಲೇ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಇದನ್ನು ವಿವರವಾಗಿ ಬರೆದಿಟ್ಟ. 1960ರ ದಶಕದಲ್ಲಿ ಲೆವೊಡೋಪಾ ಬಂತು. ಮಿದುಳಿನೊಳಗೆ ಹೋಗಿ ಡೋಪಮಿನ್ ಆಗುವ ಔಷಧಿ ಅದು. ಇವತ್ತಿಗೂ ಅದನ್ನು ಮೀರಿಸುವ ಮಾತ್ರೆ ಬಂದಿಲ್ಲ. ಆದರೆ ಅದು ಲಕ್ಷಣಗಳನ್ನು ಹಿಡಿತದಲ್ಲಿ ಇಡುತ್ತದೆಯೇ ಹೊರತು ಕೋಶಗಳು ಸಾಯುವುದನ್ನು ತಡೆಯುವುದಿಲ್ಲ. 'ಇನ್ನೇನಾದರೂ ಇದೆಯಾ?' ಎಂದು ನಾವೆಲ್ಲ ಹುಡುಕುವುದು ಇದೇ ಕಾರಣಕ್ಕೆ ಅಲ್ವಾ?

ಹೀಗೆ ಹುಡುಕುವಾಗ ನಾನು ಪ್ರತಿ ಬಾಟಲಿಗೂ ನಾಲ್ಕು ಪ್ರಶ್ನೆ ಕೇಳುತ್ತೇನೆ. ಪಾರ್ಕಿನ್ಸನ್ ಇರುವ ಮನುಷ್ಯರ ಮೇಲೆ ಇದನ್ನು ಪರೀಕ್ಷೆ ಮಾಡಿದ್ದಾರಾ? ಕೆಟ್ಟರೆ ಎಷ್ಟು ಕೆಡಬಹುದು? ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳಿಗೆ ಅಡ್ಡ ಬರುತ್ತದಾ? ತಿಂಗಳು ತಿಂಗಳು ಎಷ್ಟು ದುಡ್ಡು ಬೇಕು?

ಮೊದಲನೆಯ ಪ್ರಶ್ನೆಯಲ್ಲೇ ಹೆಚ್ಚಿನವರು ಎಡವುತ್ತಾರೆ. 'ಸಂಶೋಧನೆಯಲ್ಲಿ ಸಾಬೀತಾಗಿದೆ' ಎಂದು ಲೇಬಲ್ ಮೇಲೆ ಇರುತ್ತದೆ. ಹುಡುಕಿದರೆ ಅದು ಇಲಿಯ ಮೇಲಿನ ಸಂಶೋಧನೆ. ಇಲಿಗೆ ಪಾರ್ಕಿನ್ಸನ್ ತಾನಾಗಿ ಬರುವುದಿಲ್ಲ. ಎಂಪಿಟಿಪಿಯಂಥ ವಿಷ ಚುಚ್ಚಿ ಅದರ ಕೋಶಗಳನ್ನು ಕೆಲವೇ ದಿನಗಳಲ್ಲಿ ಸಾಯಿಸುತ್ತಾರೆ. ಎಷ್ಟೋ ಪ್ರಯೋಗಗಳಲ್ಲಿ ಆ ವಿಷ ಕೊಡುವ ಮೊದಲೋ ಜೊತೆಗೋ ಪ್ರೊಪೊಲಿಸ್ ಸತ್ವವನ್ನೋ ಜೇನಿನ ವಿಷವನ್ನೋ ಕೊಟ್ಟಿರುತ್ತಾರೆ. ಇಲಿಗೆ ಸ್ವಲ್ಪ ರಕ್ಷಣೆ ಸಿಗುತ್ತದೆ. ನಮ್ಮ ಮನೆಯವರ ಕಥೆ ಬೇರೆ. ಕೈ ನಡುಗಲು ಶುರುವಾಗುವ ಹೊತ್ತಿಗೆ ಆ ಕೋಶಗಳ ದೊಡ್ಡ ಪಾಲು ಆಗಲೇ ಹೋಗಿರುತ್ತದೆ. ಕೋಟೆ ಬಿದ್ದ ಮೇಲೆ ಕಾವಲು ಹಾಕಿದ ಹಾಗೆ.

ಇನ್ನೊಂದು ವಿಷಯ ನನ್ನ ಕಣ್ಣು ತೆರೆಸಿತು. 2001ರಲ್ಲಿ ಕೆನಡಾದ ಸಂಶೋಧಕರು ಪಾರ್ಕಿನ್ಸನ್ ಇದ್ದವರಿಗೆ ಬರೀ ಉಪ್ಪುನೀರಿನ ಇಂಜೆಕ್ಷನ್ ಕೊಟ್ಟು ಮಿದುಳಿನ ಸ್ಕ್ಯಾನ್ ಮಾಡಿದರು. 'ಔಷಧಿ ಸಿಗುತ್ತಿದೆ' ಎಂಬ ನಿರೀಕ್ಷೆಯಿಂದಲೇ ಅವರ ಮಿದುಳಿನಲ್ಲಿ ನಿಜವಾದ ಡೋಪಮಿನ್ ಹೊರಬಂದಿತ್ತು. ಅಂದರೆ ನೆಂಟರು 'ನನಗೆ ಗುಣ ಆಯ್ತು' ಎನ್ನುವಾಗ ಸುಳ್ಳು ಹೇಳುತ್ತಿಲ್ಲ. ಅವರಿಗೆ ನಿಜವಾಗಿಯೂ ಹಗುರ ಅನಿಸಿದೆ. ಆದರೆ ಆ ಹಗುರ ಬಾಟಲಿಯಿಂದ ಬಂತಾ, ನಂಬಿಕೆಯಿಂದ ಬಂತಾ ಎಂದು ಒಬ್ಬರ ಅನುಭವದಿಂದ ಹೇಳಲು ಆಗುವುದಿಲ್ಲ. ಅದಕ್ಕೇ ಈ ಕಾಯಿಲೆಯಲ್ಲಿ ಎರಡು ಗುಂಪು ಮಾಡಿ, ಒಂದಕ್ಕೆ ಔಷಧಿ, ಇನ್ನೊಂದಕ್ಕೆ ಸುಮ್ನೆ ನೀರು ಕೊಟ್ಟು ಹೋಲಿಸುವ ಪರೀಕ್ಷೆಗೆ ಅಷ್ಟು ಬೆಲೆ.

ಜೇನಿನ ವಿಷ: ಜಾಸ್ತಿ ಆಸೆ, ಜಾಸ್ತಿ ಅಪಾಯ

ನನಗೆ ತಿಳಿದಂತೆ ಈ ಐದಾರು ಪದಾರ್ಥಗಳಲ್ಲಿ ಪಾರ್ಕಿನ್ಸನ್ ರೋಗಿಗಳ ಮೇಲೆ ಸರಿಯಾಗಿ ಪರೀಕ್ಷೆಯಾಗಿರುವುದು ಇದೊಂದೇ. ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ವಿಷದಲ್ಲಿ ಮುಖ್ಯವಾಗಿ ಎರಡು ಅಂಶಗಳ ಮೇಲೆ ಕುತೂಹಲ. ಒಂದು ಮೆಲಿಟಿನ್, ಒಣ ವಿಷದ ಸುಮಾರು ಅರ್ಧದಷ್ಟು ಇದೇ. ಇನ್ನೊಂದು ಅಪಮಿನ್. ಇದು ನರಕೋಶಗಳಿಂದ ಪೊಟ್ಯಾಸಿಯಂ ಹೊರಹೋಗುವ ಒಂದು ಬಗೆಯ ಬಾಗಿಲನ್ನು ಮುಚ್ಚುತ್ತದೆ. ಡೋಪಮಿನ್ ಕೋಶಗಳಲ್ಲೂ ಆ ಬಾಗಿಲು ಇರುವುದರಿಂದ ಉಪಯೋಗವಾಗಬಹುದು ಎಂಬ ಯೋಚನೆ. ಯೋಚನೆ ತಪ್ಪೇನಲ್ಲ.

ದಕ್ಷಿಣ ಕೊರಿಯಾದಲ್ಲಿ ತೆಳುಮಾಡಿದ ವಿಷವನ್ನು ಅಕ್ಯುಪಂಕ್ಚರ್ ಬಿಂದುಗಳಿಗೆ ಚುಚ್ಚುವ ಪದ್ಧತಿ ಇದೆ. 2012ರಲ್ಲಿ ಅಲ್ಲಿಂದ ಒಂದು ಸಣ್ಣ ಅಧ್ಯಯನ ಬಂತು. 43 ಜನ, ಮೂರು ಗುಂಪು, ವಾರಕ್ಕೆ ಎರಡು ಸಲ, 8 ವಾರ. ವಿಷದ ಅಕ್ಯುಪಂಕ್ಚರ್ ಆದವರೂ ಸುಧಾರಿಸಿದರು, ಬರೀ ಸೂಜಿ ಚುಚ್ಚಿಸಿಕೊಂಡವರೂ ಸುಧಾರಿಸಿದರು. ಮೂರನೆಯ ಗುಂಪಿಗೆ ಏನೂ ಕೊಟ್ಟಿರಲಿಲ್ಲ, ಅದು ಅವರಿಗೆ ಗೊತ್ತೂ ಇತ್ತು. ಈಗ ತಾನೇ ಹೇಳಿದ ಉಪ್ಪುನೀರಿನ ಕಥೆ ನೆನಪಿಸಿಕೊಂಡರೆ ಇದರ ಮಿತಿ ಅರ್ಥವಾಗುತ್ತದೆ.

2016ರಲ್ಲಿ ಪ್ಯಾರಿಸ್‌ನ ವೈದ್ಯರು ಇನ್ನೂ ಬಿಗಿಯಾದ ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. 40 ರೋಗಿಗಳು. 20 ಜನರಿಗೆ ತಿಂಗಳಿಗೊಮ್ಮೆ 100 ಮೈಕ್ರೋಗ್ರಾಂ ವಿಷ, ಉಳಿದ 20 ಜನರಿಗೆ ಉಪ್ಪುನೀರು. 11 ತಿಂಗಳು ನಡೆಯಿತು. ಯಾರಿಗೆ ಏನು ಸಿಗುತ್ತಿದೆ ಎಂದು ರೋಗಿಗಳಿಗೆ ಗೊತ್ತಿರಲಿಲ್ಲ. ಕೊನೆಯಲ್ಲಿ ಎರಡು ಗುಂಪಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಚರ್ಮದ ಪರೀಕ್ಷೆಯಲ್ಲಿ ಅಲರ್ಜಿಯ ಸೂಚನೆ ಕಂಡಿದ್ದರಿಂದ 4 ಜನರನ್ನು ಮಧ್ಯದಲ್ಲೇ ಕೈಬಿಟ್ಟರು. ಅಷ್ಟು ಎಚ್ಚರ ವಹಿಸಿದ್ದಕ್ಕೇ ಇರಬೇಕು, ಯಾರಿಗೂ ದೊಡ್ಡ ಅನಾಹುತ ಆಗಲಿಲ್ಲ.

ಜೇನು ಚಿಕಿತ್ಸೆ ಮಾಡುವವರು ಇದಕ್ಕೆ ಹೇಳುವ ಉತ್ತರ: 'ಡೋಸ್ ಕಡಿಮೆಯಾಯಿತು.' ಆ ಮಾತಿನಲ್ಲಿ ಹುರುಳಿದೆ. 100 ಮೈಕ್ರೋಗ್ರಾಂ ಅಂದರೆ ಹೆಚ್ಚುಕಡಿಮೆ ಒಂದೇ ಒಂದು ಜೇನಿನ ಕೊಂಡಿಯ ವಿಷ. ಇನ್ನೂ ಹೆಚ್ಚು ಸಲ, ಹೆಚ್ಚು ಪ್ರಮಾಣ ಕೊಟ್ಟು ನೋಡಬಹುದು ಎಂದು ಆ ಸಂಶೋಧಕರೇ ಬರೆದಿದ್ದಾರೆ. ಆದರೆ ನೋಡಬೇಕಾದದ್ದು ಆಸ್ಪತ್ರೆಯಲ್ಲಿ. ನಮ್ಮ ಅಪ್ಪ ಅಮ್ಮನ ಮೈಮೇಲೆ, ಯಾವುದೋ ಶಿಬಿರದಲ್ಲಿ ಅಲ್ಲ.

ಈ ಮಾತನ್ನು ಇಷ್ಟು ಗಟ್ಟಿಯಾಗಿ ಹೇಳಲು ಕಾರಣವಿದೆ. ಸ್ಪೇನಿನಲ್ಲಿ 55 ವರ್ಷದ ಮಹಿಳೆಯೊಬ್ಬರು ಸ್ನಾಯು ಬಿಗಿತಕ್ಕೆ ಎಂದು ಎರಡು ವರ್ಷ, ನಾಲ್ಕು ವಾರಕ್ಕೊಮ್ಮೆ ಜೀವಂತ ಜೇನಿನಿಂದ ಚುಚ್ಚಿಸಿಕೊಳ್ಳುತ್ತಿದ್ದರು. ಒಮ್ಮೆಯೂ ತೊಂದರೆಯಾಗಿರಲಿಲ್ಲ. ಒಂದು ದಿನ ಚುಚ್ಚಿಸಿಕೊಂಡ ಕೂಡಲೇ ಉಸಿರು ಕಟ್ಟಿತು, ಪ್ರಜ್ಞೆ ತಪ್ಪಿತು. ಅವರು ಉಳಿಯಲಿಲ್ಲ. 2018ರಲ್ಲಿ ಇದು ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಯಿತು. 'ಹಿಂದೆ ಕಚ್ಚಿದಾಗ ಏನೂ ಆಗಿಲ್ಲ' ಎನ್ನುವುದು ಧೈರ್ಯ ತರುವ ಮಾತಲ್ಲ. ಅಲರ್ಜಿ ಹುಟ್ಟುವುದೇ ಮತ್ತೆ ಮತ್ತೆ ಚುಚ್ಚಿಸಿಕೊಳ್ಳುವುದರಿಂದ.

ಪಾರ್ಕಿನ್ಸನ್ ಇರುವವರಿಗೆ ಇನ್ನೊಂದು ಅಪಾಯ ಸೇರುತ್ತದೆ. ನಡುಕಕ್ಕೆ ಕೆಲವರಿಗೆ ಪ್ರೊಪ್ರನೊಲಾಲ್ ಮಾತ್ರೆ ಕೊಟ್ಟಿರುತ್ತಾರೆ. ಬಿಪಿಗೆ, ಹೃದಯಕ್ಕೆ ಇದೇ ಜಾತಿಯ ಬೀಟಾ ಬ್ಲಾಕರ್ ತೆಗೆದುಕೊಳ್ಳುವವರೂ ಇದ್ದಾರೆ. ಜೇನಿನ ವಿಷಕ್ಕೆ ಮೈ ಕೆರಳಿದಾಗ ಜೀವ ಉಳಿಸುವ ಔಷಧಿ ಅಡ್ರಿನಲಿನ್. ಈ ಮಾತ್ರೆ ಒಳಗಿದ್ದರೆ ಅಡ್ರಿನಲಿನ್ ಸರಿಯಾಗಿ ಕೆಲಸ ಮಾಡದೇ ಹೋಗಬಹುದು. ಜೊತೆಗೆ ಪಾರ್ಕಿನ್ಸನ್‌ನಲ್ಲಿ ಎದ್ದು ನಿಂತಾಗ ಬಿಪಿ ಇಳಿಯುವುದು ಹಲವರಿಗೆ ಮೊದಲೇ ಇರುತ್ತದೆ.

ನಾವೂ ಒಂದು ಶಿಬಿರಕ್ಕೆ ಹೋಗಿದ್ದೆವು. ಅಲ್ಲಿ ಯಾರೂ 'ಯಾವ ಮಾತ್ರೆ ತಗೊಳ್ತೀರಿ?' ಎಂದು ಕೇಳಲಿಲ್ಲ. ಅಡ್ರಿನಲಿನ್ ಇದೆಯಾ ಎಂದು ನಾನು ಕೇಳಿದಾಗ, 'ಅದೆಲ್ಲ ಬೇಕಾಗಲ್ಲ, ಇದು ನೈಸರ್ಗಿಕ' ಎಂದರು. ಅಪ್ಪನನ್ನು ಕೈಹಿಡಿದು ಎಬ್ಬಿಸಿಕೊಂಡು ವಾಪಸ್ ಬಂದೆ.

ಬರುವಾಗ ಕಾರಿನಲ್ಲಿ ಅಪ್ಪ ಒಂದು ಮಾತು ಹೇಳಿದರು. 'ನನಗೆ ಹದಿನೈದನೇ ವಯಸ್ಸಿನಿಂದ ಜೇನು ಕಚ್ಚಿದೆ. ಲೆಕ್ಕ ಇಟ್ಟಿಲ್ಲ.' ನಿಜ. ನಮ್ಮ ತೋಟದಲ್ಲಿ ತುಡುವೆ ಪೆಟ್ಟಿಗೆಗಳಿದ್ದವು. 1990ರ ದಶಕದ ಆರಂಭದಲ್ಲಿ ಜೇನಿನ ಮರಿಗಳನ್ನು ಕೊಲ್ಲುವ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ಬಹುಪಾಲು ನಾಶವಾದಾಗ ನಮ್ಮವೂ ಹೋದವು. ಅಪ್ಪ ಮತ್ತೆ ಹಿಡಿದು ತಂದು ಸಾಕಿದರು. ಅಷ್ಟೊಂದು ಕೊಂಡಿ ಚುಚ್ಚಿಸಿಕೊಂಡವರಿಗೂ ಪಾರ್ಕಿನ್ಸನ್ ಬಂತು. ಇದೂ ಒಬ್ಬರ ಅನುಭವವೇ, ಇದರಿಂದ ಏನೂ ಸಾಬೀತಾಗುವುದಿಲ್ಲ. ಆದರೆ ಆ ನೆಂಟರ ಕಥೆಯಿಂದಲೂ ಅಷ್ಟೇ.

ಜೇನುತುಪ್ಪ: ಔಷಧಿ ಅಲ್ಲ, ಒಳ್ಳೆಯ ಊಟ

ಜೇನುತುಪ್ಪ ಪಾರ್ಕಿನ್ಸನ್ ಅನ್ನು ನಿಧಾನ ಮಾಡುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆದರೂ ನಮ್ಮ ಮನೆಯಲ್ಲಿ ಉಳಿದುಕೊಂಡ ಬಾಟಲಿ ಅದೊಂದೇ. ಯಾಕೆಂದರೆ ಈ ಕಾಯಿಲೆಯಲ್ಲಿ ವಾಸನೆ ಹಿಡಿಯುವ ಶಕ್ತಿ ಕುಗ್ಗುತ್ತದೆ, ಊಟ ಸಪ್ಪೆ ಅನಿಸುತ್ತದೆ, ತೂಕ ಇಳಿಯುತ್ತದೆ. ಸಿಹಿ ಮಾತ್ರ ಇನ್ನೂ ರುಚಿಸುತ್ತದೆ. ಬೆಳಗಿನ ದೋಸೆಗೆ ಒಂದು ಚಮಚ ಜೇನುತುಪ್ಪ ಹಾಕಿದರೆ ಅಪ್ಪ ಎರಡನೇ ದೋಸೆ ತಿನ್ನುತ್ತಾರೆ. ಅಷ್ಟು ಸಾಕು ನನಗೆ.

ಇನ್ನೊಂದು ಅನುಕೂಲವಿದೆ. ಲೆವೊಡೋಪಾ ಕರುಳಿನಿಂದ ರಕ್ತಕ್ಕೆ ಹೋಗುವಾಗ ಪ್ರೋಟೀನಿನ ಅಂಶಗಳ ಜೊತೆ ಪೈಪೋಟಿಗೆ ಬೀಳುತ್ತದೆ. ಅದಕ್ಕೇ ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆ ಮೊದಲು ತೆಗೆದುಕೊಳ್ಳಿ ಎನ್ನುವುದು, ಹಾಲಿನ ಜೊತೆ ಬೇಡ ಎನ್ನುವುದು. ಜೇನುತುಪ್ಪದಲ್ಲಿ ಪ್ರೋಟೀನ್ ಇಲ್ಲವೆನ್ನುವಷ್ಟು ಕಡಿಮೆ. ಬರೀ ಹೊಟ್ಟೆಗೆ ಮಾತ್ರೆ ನುಂಗಿದರೆ ವಾಕರಿಕೆ ಬರುವವರು ಬಿಸ್ಕತ್ತಿನ ಬದಲು ಸ್ವಲ್ಪ ಜೇನು ಬೆರೆಸಿದ ನೀರಿನ ಜೊತೆ ತೆಗೆದುಕೊಳ್ಳಬಹುದಾ ಎಂದು ಡಾಕ್ಟರನ್ನು ಕೇಳಿ ನೋಡಿ.

ಸಕ್ಕರೆ ಕಾಯಿಲೆ ಇದ್ದರೆ ಲೆಕ್ಕ ಬೇರೆ. ಜೇನುತುಪ್ಪದ ನೂರರಲ್ಲಿ ಎಂಬತ್ತು ಪಾಲು ಸಕ್ಕರೆಯೇ. ಒಂದು ಸಣ್ಣ ಚಮಚ ಅಂದರೆ ಸುಮಾರು 7 ಗ್ರಾಂ ಜೇನು, ಅದರಲ್ಲಿ ಐದೂವರೆ ಗ್ರಾಂ ಸಕ್ಕರೆ. 'ಜೇನು ಶುಗರ್ ಏರಿಸಲ್ಲ' ಎನ್ನುವ ಮಾತು ತಪ್ಪು.

ನುಂಗಲು ಕಷ್ಟವಾಗುವವರ ವಿಷಯದಲ್ಲಿ ಒಂದು ಗೊಂದಲ ಬಿಡಿಸಬೇಕು. ಸ್ಪೀಚ್ ಥೆರಪಿಸ್ಟ್‌ಗಳು 'ಜೇನಿನ ಹದಕ್ಕೆ ಗಟ್ಟಿ ಮಾಡಿ ಕುಡಿಸಿ' ಎನ್ನುವುದುಂಟು. ನೀರು ಶ್ವಾಸಕೋಶಕ್ಕೆ ಜಾರದಿರಲಿ ಎಂದು ಹಾಗೆ ಹೇಳುತ್ತಾರೆ. ಅದು ಹದದ ಹೆಸರು ಮಾತ್ರ. ನೀರಿಗೆ ಜೇನುತುಪ್ಪ ಬೆರೆಸಿದರೆ ಆ ಹದ ಬರುವುದಿಲ್ಲ, ಅದಕ್ಕೆ ಗಟ್ಟಿ ಮಾಡುವ ಪುಡಿಯೇ ಬೇಕು.

ಇನ್ನು ಯಾವ ಜೇನು? 2020ರ ಡಿಸೆಂಬರಿನಲ್ಲಿ ದೆಹಲಿಯ ಸೆಂಟರ್ ಫಾರ್ ಸೈನ್ಸ್ ಆಂಡ್ ಎನ್ವಿರಾನ್ಮೆಂಟ್ 13 ಬ್ರಾಂಡ್‌ಗಳನ್ನು ಪರೀಕ್ಷೆ ಮಾಡಿಸಿತು. ಎಲ್ಲ ಪರೀಕ್ಷೆ ದಾಟಿದ್ದು 3 ಮಾತ್ರ. ಕಂಪನಿಗಳು ಅದನ್ನು ಒಪ್ಪಲಿಲ್ಲ. ನೀರಿಗೆ ಹನಿ ಹಾಕುವುದು, ಬತ್ತಿ ಉರಿಸಿ ನೋಡುವುದು, ಇವುಗಳಿಂದ ಈಗಿನ ಕಲಬೆರಕೆ ಸಿಕ್ಕಿಬೀಳುವುದಿಲ್ಲ. ಪರಿಚಯದ ಜೇನು ಸಾಕಣೆದಾರರು, ನಂಬಿಕೆಯ ಸಹಕಾರಿ ಸಂಘ ಇದ್ದರೆ ಅಲ್ಲಿಂದ ತನ್ನಿ. ಹೆಜ್ಜೇನೋ ತುಡುವೆಯೋ ಕೋಲುಜೇನೋ, ಕಾಯಿಲೆಯ ಮಟ್ಟಿಗೆ ವ್ಯತ್ಯಾಸ ಇಲ್ಲ. ಕೊಂಡಿಯಿಲ್ಲದ ಮುಜಂಟಿ ಹುಳದ ಜೇನಿಗೆ ಮೂರ್ನಾಲ್ಕು ಪಟ್ಟು ಬೆಲೆ ಕೊಡಬೇಕಾಗಿಲ್ಲ. ವಿದೇಶದಲ್ಲಿರುವ ಮಕ್ಕಳು ಪ್ರೀತಿಯಿಂದ ತರುವ ಮನುಕಾ ಜೇನೂ ಅಷ್ಟೇ. ಅದರ ಹೆಸರು ಗಾಯ ಮಾಗಿಸುವುದಕ್ಕೆ, ಪಾರ್ಕಿನ್ಸನ್‌ಗೆ ಅಲ್ಲ. ಮುಂದಿನ ಸಲ ಬರುವಾಗ ಅಪ್ಪನಿಗೆ ಜಾರದ ಚಪ್ಪಲಿ ತರಲು ಹೇಳಿ.

ಪ್ರೊಪೊಲಿಸ್

ಜೇನುಹುಳಗಳು ಮರದ ಅಂಟು ತಂದು ಗೂಡಿನ ಬಿರುಕು ಮುಚ್ಚುತ್ತವಲ್ಲ, ಅದೇ ಪ್ರೊಪೊಲಿಸ್. ಪೆಟ್ಟಿಗೆ ತೆರೆಯುವವರ ಕೈಗೆ ಮೆತ್ತಿಕೊಂಡು ಬಿಡದೇ ಕಾಡುವ ಕಂದು ಅಂಟು. ಇದರಲ್ಲಿರುವ 'ಕೇಪ್' ಎಂಬ ಅಂಶ ಇಲಿಗಳ ಡೋಪಮಿನ್ ಕೋಶಗಳನ್ನು ಕಾಪಾಡಿದ ಪ್ರಯೋಗಗಳಿವೆ. ವಿಷ ಬಿಟ್ಟರೆ ವಿಜ್ಞಾನಿಗಳಿಗೆ ಹೆಚ್ಚು ಆಸಕ್ತಿ ಇರುವುದು ಇದರ ಮೇಲೆ. ಆದರೆ ಬಾಟಲಿ ಕೊಳ್ಳಲು ಅಷ್ಟು ಸಾಲದು. ಯಾವ ಮರದ ಅಂಟು ಎನ್ನುವುದರ ಮೇಲೆ ಒಳಗಿನ ಅಂಶಗಳು ಪೂರ್ತಿ ಬದಲಾಗುತ್ತವೆ. ಬ್ರೆಜಿಲಿನ ಹಸಿರು ಪ್ರೊಪೊಲಿಸ್‌ಗೂ ಯುರೋಪಿನ ಪಾಪ್ಲರ್ ಮರದ ಪ್ರೊಪೊಲಿಸ್‌ಗೂ ಹೆಸರು ಮಾತ್ರ ಒಂದೇ. ನಿಮ್ಮ ಕೈಲಿರುವ ಬಾಟಲಿಯಲ್ಲಿ ಏನಿದೆ ಎಂದು ತಿಳಿಯುವುದು ಕಷ್ಟ.

ಕೆಲವರಿಗೆ ಇದರಿಂದ ಚರ್ಮ ಕೆರೆತ, ಬಾಯಿಹುಣ್ಣು ಆಗುತ್ತದೆ. ಹನಿಗಳು ಹೆಚ್ಚಾಗಿ ಆಲ್ಕೋಹಾಲಿನಲ್ಲಿ ಕರಗಿಸಿದವು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ. ಇಷ್ಟಾದರೂ ಆಸೆ ಬಿಡದಿದ್ದರೆ, ಅಲರ್ಜಿ ಇಲ್ಲದಿದ್ದರೆ, ಡಾಕ್ಟರ್ ಒಪ್ಪಿದರೆ, ಎರಡು ತಿಂಗಳು ನೋಡಿ. ಶುರುಮಾಡುವ ಮೊದಲು ಕುರ್ಚಿಯಿಂದ ಎದ್ದು ಬಾಗಿಲವರೆಗೆ ಹೋಗಿ ಬರಲು ಎಷ್ಟು ಸೆಕೆಂಡ್ ಬೇಕು ಎಂದು ಬರೆದಿಡಿ. ಎರಡು ತಿಂಗಳ ಮೇಲೆ, ಮಾತ್ರೆ ತೆಗೆದುಕೊಂಡು ಅಷ್ಟೇ ಹೊತ್ತಾದಾಗ ಮತ್ತೆ ನೋಡಿ. ಬದಲಾಗದಿದ್ದರೆ ಎರಡನೇ ಬಾಟಲಿ ತರಬೇಡಿ.

ರಾಯಲ್ ಜೆಲ್ಲಿ, ಪರಾಗ, ಮತ್ತು ಒಂದು ಎಚ್ಚರಿಕೆ

ಇವೆರಡಕ್ಕೆ ಹೆಚ್ಚು ಹೊತ್ತು ಬೇಡ. ರಾಯಲ್ ಜೆಲ್ಲಿ ರಾಣಿ ಹುಳದ ಊಟ. ಗ್ರಾಂ ಲೆಕ್ಕದಲ್ಲಿ ಮಾರುತ್ತಾರೆ, ಫ್ರಿಜ್‌ನಲ್ಲಿ ಇಡದಿದ್ದರೆ ಕೆಡುತ್ತದೆ, ಈ ಪಟ್ಟಿಯಲ್ಲೇ ದುಬಾರಿ. ಅಸ್ತಮಾ ಇದ್ದವರಲ್ಲಿ ಇದು ತೀವ್ರ ಅಲರ್ಜಿ ತಂದ ಪ್ರಕರಣಗಳಿವೆ. ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ರಕ್ತಸ್ರಾವವಾದ ವರದಿಯೂ ಇದೆ. ಪರಾಗದ ಕಾಳುಗಳು ಅಗ್ಗ. ಅದರಲ್ಲಿ ಸುಮಾರು ಐದರಲ್ಲೊಂದು ಪಾಲು ಪ್ರೋಟೀನ್, ಹಾಗಾಗಿ ಮಾತ್ರೆಯ ಹೊತ್ತಿಗೆ ಬೇಡ. ಪರಾಗದ ಅಲರ್ಜಿ ಇದ್ದರೆ ಬೇಡವೇ ಬೇಡ. ಪೋಷಕಾಂಶ ಬೇಕೆಂದರೆ ಹೆಸರುಕಾಳು ಇದೆ.

ಎಚ್ಚರಿಕೆ ಇದು: ಜೇನುತುಪ್ಪದಲ್ಲಿ ಕಲಸಿದ 'ಕಂಪವಾತದ (ಆಯುರ್ವೇದದಲ್ಲಿ ನಡುಕದ ಕಾಯಿಲೆಗೆ ಹೇಳುವ ಹೆಸರು) ಲೇಹ್ಯ' ಎಂದು ಕೆಲವು ಸಿಗುತ್ತವೆ. ಅದರಲ್ಲಿ ನಸುಗುನ್ನಿ ಬೀಜದ ಪುಡಿ ಇರಬಹುದು. ನಸುಗುನ್ನಿಯಲ್ಲಿ ಇರುವುದು ಸಾಕ್ಷಾತ್ ಲೆವೊಡೋಪಾ. ಅದು ಕೆಲಸ ಮಾಡುತ್ತದೆ. ಅಪಾಯವೂ ಅಲ್ಲೇ ಇದೆ. ಮಾತ್ರೆಯ ಜೊತೆ ಅದೂ ಸೇರಿದರೆ ಡೋಸ್ ಹೆಚ್ಚಾಗಿ ಮೈ ತಾನಾಗಿ ಕೊಂಕಾಡುವುದು, ಭ್ರಮೆ, ಬಿಪಿ ಇಳಿಯುವುದು ಆಗಬಹುದು. 'ಜೇನಿನಿಂದ ಗುಣವಾಯಿತು' ಎನ್ನುವವರು ತಿಂದ ಲೇಹ್ಯದಲ್ಲಿ ಏನಿತ್ತು ಎಂದು ಒಮ್ಮೆ ಕೇಳಿ ನೋಡಿ. ಆಯುರ್ವೇದ ವೈದ್ಯರ ಬಳಿ ಹೋಗುವುದಾದರೆ ನರರೋಗ ತಜ್ಞರ ಚೀಟಿ ತೋರಿಸಿ, ಇವರದನ್ನು ಅವರಿಗೆ ತೋರಿಸಿ.

ಹಾಗಾದರೆ ನಿಮ್ಮ ಮನೆಗೆ ಯಾವುದು?

ತಿಂಗಳ ಔಷಧಿ ಖರ್ಚಿಗೇ ಒದ್ದಾಡುವ ಮನೆಯಾದರೆ ಜೇನುತುಪ್ಪದ ಆಚೆಗೆ ಒಂದು ರೂಪಾಯಿಯೂ ಬೇಡ. ಜನೌಷಧಿ ಕೇಂದ್ರದಲ್ಲಿ ನಿಮ್ಮ ಲೆವೊಡೋಪಾ-ಕಾರ್ಬಿಡೋಪಾ (ಎರಡೂ ಸೇರಿದ ಮಾತ್ರೆ) ಕಡಿಮೆ ಬೆಲೆಗೆ ಸಿಗುತ್ತದಾ ಕೇಳಿ, ಬ್ರಾಂಡ್ ಬದಲಿಸುವ ಮೊದಲು ಡಾಕ್ಟರಿಗೆ ತಿಳಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಂಥ ಸರ್ಕಾರಿ ಸಂಸ್ಥೆ ಕೈಗೆಟುಕುತ್ತದೆ. ಮಾತ್ರೆಯನ್ನು ಒಂದು ದಿನವೂ ತಪ್ಪಿಸದೆ, ಹೊತ್ತು ತಪ್ಪಿಸದೆ ಕೊಡುವುದರಿಂದ ಆಗುವ ಉಪಕಾರ ಈ ಯಾವ ಬಾಟಲಿಯಿಂದಲೂ ಆಗುವುದಿಲ್ಲ.

ರಾಯಲ್ ಜೆಲ್ಲಿಗೆ ದುಡ್ಡು ಎತ್ತಿಟ್ಟಿದ್ದೀರಾ? ಅದನ್ನು ಫಿಸಿಯೋಥೆರಪಿಗೆ ಕೊಡಿ. 2012ರಲ್ಲಿ ಅಮೆರಿಕದಲ್ಲಿ 195 ಪಾರ್ಕಿನ್ಸನ್ ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ ತೈ ಚಿ ಎಂಬ ಚೀನಾದ ನಿಧಾನ ಚಲನೆಯ ವ್ಯಾಯಾಮ ಅಭ್ಯಾಸ ಮಾಡಿದವರ ಸಮತೋಲನ ಸುಧಾರಿಸಿತು, ಬರೀ ಮೈ ಸಡಿಲಿಸುವ ವ್ಯಾಯಾಮ ಮಾಡಿದವರಿಗಿಂತ ಕಡಿಮೆ ಸಲ ಬಿದ್ದರು. ಬೀಳದೇ ಇರುವುದು ಈ ಕಾಯಿಲೆಯಲ್ಲಿ ಎಷ್ಟು ದೊಡ್ಡ ವಿಷಯ ಎಂದು ಒಮ್ಮೆ ಬಿದ್ದವರ ಮನೆಯವರಿಗೆ ಗೊತ್ತು.

ಕಾಯಿಲೆ ಈಗ ತಾನೇ ಗೊತ್ತಾಗಿದೆ, ಏನನ್ನೂ ಮಾಡದೆ ಸುಮ್ಮನೆ ಕೂರಲು ಆಗುತ್ತಿಲ್ಲ ಎನ್ನುವವರ ತಳಮಳ ನನಗೆ ಅರ್ಥವಾಗುತ್ತದೆ. ನಿಮಗೆ ಪ್ರೊಪೊಲಿಸ್‌ನ ಎರಡು ತಿಂಗಳ ದಾರಿ ಇದೆ, ಗಡಿಯಾರ ಹಿಡಿದು. ವಿಷವನ್ನೇ ನೋಡಬೇಕು ಎನ್ನುವವರು ಆಸ್ಪತ್ರೆಯಲ್ಲಿ, ನೈತಿಕ ಸಮಿತಿಯ ಒಪ್ಪಿಗೆ ಪಡೆದು, ಅಲರ್ಜಿ ಪರೀಕ್ಷೆ ಮಾಡಿ ನಡೆಸುವ ಪ್ರಯೋಗ ಇದೆಯಾ ಎಂದು ನಿಮ್ಮ ತಜ್ಞರನ್ನು ಕೇಳಿ. ಅದಕ್ಕೆ ಸೇರಲು ದುಡ್ಡು ಕೇಳುವವರಿದ್ದರೆ ಅದು ಪ್ರಯೋಗವಲ್ಲ, ವ್ಯಾಪಾರ.

ನಮ್ಮ ಮನೆಯಲ್ಲಿ ಈಗ ಹೀಗೆ: ಏಳೂವರೆಗೆ ಮಾತ್ರೆ, ನೀರಿನ ಜೊತೆ. ಎಂಟಕ್ಕೆ ದೋಸೆ, ಜೇನುತುಪ್ಪ. ಹತ್ತಕ್ಕೆ, ಮಾತ್ರೆ ಚೆನ್ನಾಗಿ ಹಿಡಿದಿರುವ ಹೊತ್ತಿನಲ್ಲಿ, ಅಪ್ಪ ಕೋಲು ಹಿಡಿದು ತೋಟಕ್ಕೆ ಹೋಗುತ್ತಾರೆ. ಪೆಟ್ಟಿಗೆಗಳನ್ನು ಈಗ ನಾನು ತೆರೆಯುತ್ತೇನೆ. ಅವರು ನಾಲ್ಕು ಹೆಜ್ಜೆ ದೂರ ಕುರ್ಚಿಯಲ್ಲಿ ಕೂತು, ಯಾವ ಎರಿ ತೆಗೆಯಬೇಕು, ಯಾವುದನ್ನು ಬಿಡಬೇಕು ಎಂದು ಹೇಳುತ್ತಾರೆ.